ದೃಷ್ಟಿಗೆ ಕಟ್ಟಿದ ಲೋಳೆಸರ

ಶಾಲೆಯಿಂದ ನಿವೃತ್ತರಾದ ಮೇಲೆ ವೇದವತಿಯವರ ವಿಜ್ಞಾನದ ಪಾಠ ಮತ್ತಿಗಿರಿಯ ಬೀದಿಗೆ ಬಂತು. ಒಲೆಯ ಶಾಖ ತಗುಲಿದ ಬೆರಳು, ಒಡೆದ ಹಿಮ್ಮಡಿ, ಬಿಸಿಲಿಗೆ ಕಂದಿದ ಮುಖ, ಎಲ್ಲಕ್ಕೂ ಅವರ ಸಲಹೆ ಲೋಳೆಸರ. ಕೊಯ್ದ ಎಲೆಯನ್ನು ಬುಡ ಕೆಳಗಾಗಿ ನಿಲ್ಲಿಸಿ ಹಳದಿ ರಸ ಇಳಿಯಲು ಬಿಡಬೇಕು, ತೊಳೆದು ಸಿಪ್ಪೆ ತೆಗೆಯಬೇಕು, ತಿಳಿಯಾದ ಲೋಳೆಯನ್ನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ನೋಡಬೇಕು ಎಂದು ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದರು.

ಪಕ್ಕದ ಮನೆಯ ಅಕ್ಕಯಮ್ಮನಿಗೆ ಆ ಗಿಡದ ಉಪಯೋಗ ಬೇರೆಯೇ. ಮಗ ವಾಸುವಿನ ಕೈ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋದ ಮೇಲೆ, ಅವಳು ಗುಮ್ಮಳಾಪುರದಿಂದ ಒಂದು ಗಿಡ ತಂದು ಬೇರು ಮೇಲಾಗಿ ಬಾಗಿಲಿಗೆ ಕಟ್ಟಿದ್ದಳು. ಮನೆಗೆ ತಗುಲುವ ದೃಷ್ಟಿಯನ್ನು ಅದು ಹೀರಿಕೊಳ್ಳುತ್ತದೆಂಬ ನಂಬಿಕೆ. ಸೊಸೆ ಚಂದ್ರಲೇಖಾ ಅದನ್ನು ಕಂಡು ನಕ್ಕಿದ್ದಳು. ವೇದವತಿಯೂ ನಕ್ಕಿದ್ದರು.

ಹಳೆಯ ವಿದ್ಯಾರ್ಥಿಗಳು ವೇದವತಿಯವರಿಗೆ ಸನ್ಮಾನ ಏರ್ಪಡಿಸಿದ್ದರು. ಅದರ ಹಿಂದಿನ ದಿನ ತಳಿ ಊರಿಗೆ ಹೋಗಿಬಂದ ಅವರ ಮುಖ ಬಿಸಿಲಿಗೆ ಉರಿಯುತ್ತಿತ್ತು. ಅವರ ಕುಂಡದ ಗಿಡಗಳು ನೀರು ಹೆಚ್ಚಾಗಿ ಕೊಳೆತುಹೋಗಿದ್ದವು. ಪಕ್ಕದ ಮನೆಗೆ ಬೀಗ ಹಾಕಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡು ಆ ಬಾಗಿಲಿನ ಗಿಡದಿಂದ ಒಂದು ಎಲೆ ಕೊಯ್ದುಕೊಂಡರು. ಅವಸರದಲ್ಲಿ ರಸ ಇಳಿಯಲು ಬಿಡದೆ, ಸೀಳಿ ಹಾಗೆಯೇ ಮುಖಕ್ಕೆ ಉಜ್ಜಿದರು.

ಸಂಜೆ ಅಕ್ಕಯಮ್ಮನ ದನಿ ಬೀದಿಗೆಲ್ಲ ಕೇಳಿಸಿತು. ಎಲೆ ಕೊಯ್ದಿರುವುದನ್ನು ಕಂಡ ಅವಳು ಸೊಸೆಯನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಗಂಡನ್ ಕೈ ನೆಟ್ಗಾಗೋದು ಬ್ಯಾಡ್ವಾ ನಿಂಗೆ? ಅವತ್ತೇ ಹಲ್ಲು ಕಿರಿದ್ಯಲ್ಲ."

"ನಾನ್ ಮುಟ್ಟಿಲ್ಲತ್ತೆ."

ನೆರೆಯವರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ವೇದವತಿ ತಮ್ಮ ಬಾಗಿಲಿನ ಚಿಲಕಕ್ಕೆ ಕೈ ಹಾಕಿದರು. ಇಷ್ಟು ಜನರೆದುರು, ದೃಷ್ಟಿಗೆ ಕಟ್ಟಿದ್ದನ್ನು ಕದ್ದವಳು ತಾನೆಂದು ಹೇಳುವುದು ಹೇಗೆ? ಚಿಲಕ ತೆಗೆಯಲಿಲ್ಲ.

ಸನ್ಮಾನದ ದಿನ ಬೆಳಿಗ್ಗೆ ವೇದವತಿಯವರ ಕೆನ್ನೆಗಳ ತುಂಬ ಕೆಂಪು ದದ್ದುಗಳೆದ್ದಿದ್ದವು. ಸೆರಗನ್ನು ಮುಖಕ್ಕೆ ಮರೆಮಾಡಿಕೊಂಡು ಪಕ್ಕದ ಮನೆಗೆ ಹೋಗಿ ನಡೆದುದನ್ನೆಲ್ಲ ಹೇಳಿದರು. ಬೈಗುಳಕ್ಕೆ ಸಿದ್ಧರಾಗಿಯೇ ಹೋಗಿದ್ದರು. ಆದರೆ ಅಕ್ಕಯಮ್ಮ ಅವರ ಮುಖ ನೋಡಿ ಗಾಬರಿಯಾದಳು.

"ಕೇಳಿದ್ರೆ ಇಡೀ ಗಿಡಾನೇ ಕೊಡ್ತಿದ್ನಲ್ಲ ಟೀಚರಮ್ಮ. ನಮ್ ದೃಷ್ಟಿಯೆಲ್ಲ ನಿಮ್ಗೆ ಬಡ್ಕಂಡೈತೆ. ಕುತ್ಕಳಿ, ನಿವಾಳಿಸಾಕ್ತೀನಿ."

ಮೊದಲು ಸೊಸೆಗೆ ತಪ್ಪಾಯಿತೆಂದು ಒಂದು ಮಾತು ಹೇಳಿ ಎಂದು ವೇದವತಿ ಬೇಡಿಕೊಂಡರು. ಮನೆಯವಳಿಗೇನು ಹೇಳುವುದು ಎಂದು ಅಕ್ಕಯಮ್ಮ ನಕ್ಕು, ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದಳು.

ಕಂಪನಿಗೆ ಹೊರಟಿದ್ದ ಚಂದ್ರಲೇಖಾ ಚಪ್ಪಲಿ ಮೆಟ್ಟುತ್ತಾ ಕೇಳಿದಳು: "ನೆನ್ನೆ ನಿಮ್ಮನೇಲಿ ಲೈಟ್ ಉರೀತಿತ್ತು ಟೀಚರ್. ಅತ್ತೆ ಬೈಯೋದು ನಿಮ್ಗೆ ಕೇಳುಸ್ತಿತ್ತು, ಅಲ್ವಾ?"

"ಕೇಳಿಸ್ತಿತ್ತಮ್ಮ."

ಅವಳು ಹೊರಟಳು. ಒಳಗಿನಿಂದ ಅಕ್ಕಯಮ್ಮ ಕೂಗುತ್ತಿದ್ದಂತೆಯೇ ವೇದವತಿ ಎದ್ದು ಚಂದ್ರಲೇಖಾಳ ಹಿಂದೆ ನಡೆದರು. ಕಂಪನಿ ಬಸ್ಸು ನಿಲ್ಲುವಲ್ಲಿ ಬೀದಿಯ ಹೆಂಗಸರು ಆಗಲೇ ಸೇರಿದ್ದರು. ಮುಖಕ್ಕೇನಾಯಿತೆಂದು ಒಬ್ಬಳು ಕೇಳಿದಳು. ವೇದವತಿ ಸೆರಗು ಸರಿಸಿದರು.

"ಆ ಎಲೆ ಕೊಯ್ದವಳು ನಾನು. ಈ ಹುಡುಗಿಯಲ್ಲ. ನಿನ್ನೆ ಬಾಯಿ ಬಿಡಲಿಲ್ಲ."

ಬಸ್ಸು ಬಂತು. ಚಂದ್ರಲೇಖಾ ಹತ್ತಿ ವೇದವತಿಯವರ ಕಡೆ ತಿರುಗದೆ ಆಚೆಬದಿಯ ಕಿಟಕಿಯ ಪಕ್ಕ ಕುಳಿತಳು.