ಕಲ್ಲು ಪೇರಿಸಿದವರ ಹಾದಿ

ಬೆಳಗಿನ ಚಹಾಕ್ಕೆ ಈಗಲೂ ಕೈತಪ್ಪಿ ಎರಡು ಲೋಟ ನೀರಿಡುತ್ತೇನೆ. ಚೆಲ್ಲಲು ಮನಸ್ಸು ಬಾರದೆ ಎರಡನ್ನೂ ನಾನೇ ಕುಡಿಯುತ್ತೇನೆ. ಹೀಗಾಗಿ ಹೆಂಡತಿ ರಜಿಯಾ ತೀರಿಕೊಂಡ ಮೇಲೆ ನನಗೆ ದುಃಖದ ಜೊತೆ ಪಿತ್ತವೂ ಹೆಚ್ಚಿದೆ. ಕೊಟ್ಟೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿರುವ ನನಗೆ ಆಮೇಲೆ ಅಂಟಿದ ಇನ್ನೊಂದು ಚಟವೆಂದರೆ, ಬೈಕು ಹತ್ತಿ ಹೋಗಿ ಒಬ್ಬನೇ ಗುಡ್ಡ ಏರುವುದು. "ಒಬ್ಬಾವ ಹೋಗಬ್ಯಾಡಲೇ, ಕರಡಿ ಅದಾವ" ಎಂದು ಗೆಳೆಯ ಬಸಣ್ಣ ಬೈದರೆ, ಬರಲಿ ಬಿಡು ಎನ್ನುತ್ತಿದ್ದೆ. ಎಲ್ಲವನ್ನೂ ಕಳೆದುಕೊಂಡವನಿಗೆ ಭಯವೆಲ್ಲಿಯದು ಎಂಬ ಜಂಬವೊಂದೇ, ಸ್ನೇಹಿತರೇ, ನನ್ನಲ್ಲಿ ಉಳಿದಿದ್ದ ಆಸ್ತಿ. ಬೇಕೆಂದಾಗ ಅವಳ ಹಿಂದೆ ಹೊರಟುಬಿಡಬಲ್ಲೆ ಎಂದುಕೊಂಡೇ ದಿನ ನೂಕುತ್ತಿದ್ದೆ.

ಹೊಸಹಳ್ಳಿಯ ಆಚೆ ಒಂದು ಬೋಳು ಗುಡ್ಡವಿದೆ. ಸ್ವಂತ ಮನೆಯ ಆಸೆಯುಳ್ಳವರು ಅಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಬೇಡಿಕೊಳ್ಳುತ್ತಾರೆ. ಒಂದು ದಿನ ಬಂಡೆಯ ಮೇಲೆ ಅಲ್ಲೊಂದು ಇಲ್ಲೊಂದು ಪೇರಿಸಿದ್ದ ಆ ಪುಟ್ಟ ಮನೆಗಳನ್ನು ನೋಡಿ, ಜನ ಹೋದಲ್ಲಿ ದಾರಿ ಇದ್ದೇ ಇರುತ್ತದೆಂದು ಅವನ್ನೇ ಹಿಡಿದು ಹತ್ತಿದೆ. ಬೇಡುವವರಿಗೆ ದಾರಿ ಬೇಕಿಲ್ಲ, ಕುರಿಯ ಕಾಲು ತಾಗಿ ಕಲ್ಲು ಉರುಳದ ಜಾಗ ಬೇಕು ಎಂಬುದು ಕೊನೆಯ ಕಲ್ಲುಗುಡ್ಡೆಯನ್ನೂ ದಾಟಿದ ಮೇಲೆ ಹೊಳೆಯಿತು. ಮುಂದೆ ಹಿಡಿಯಲು ಒಂದು ಬಿರುಕೂ ಇರಲಿಲ್ಲ. ಪಕ್ಕದಲ್ಲಿ ಬಂಡೆ ಜಾರಿ ಜಾರಿ ಒಮ್ಮೆಲೇ ಮುಗಿದುಹೋಗಿತ್ತು. ಅದರಾಚೆ ಬರೀ ಗಾಳಿ, ತೀರ ಕೆಳಗೆ ಜಾಲಿಮರಗಳ ನೆತ್ತಿ.

ಕಾದ ಬಂಡೆಗೆ ಎದೆಯೊತ್ತಿ ಹಲ್ಲಿಯಂತೆ ಅಂಟಿಕೊಂಡೆ. ಇಷ್ಟು ತಿಂಗಳು ಬಯಸಿದ್ದು ಒಂದು ಮಾರು ದೂರದಲ್ಲಿತ್ತು, ಕೈ ಬಿಟ್ಟರೆ ಸಾಕಿತ್ತು. ಆದರೆ ಬೆರಳುಗಳು ನನ್ನ ಮಾತು ಕೇಳಲಿಲ್ಲ. ಉಗುರು ಕಿತ್ತು ರಕ್ತ ಬಂದರೂ ಹಿಡಿದೇ ಇದ್ದವು. ಬಾಯಿ ತಾನಾಗಿ ಅರಚಿತು: "ಯಾರಾದ್ರೂ ಅದೀರೇನ್ರೀ!" ಆ ದನಿ ಕೇಳಿ ನನಗೇ ನಾಚಿಕೆಯಾಯಿತು. ರಜಿಯಾಳ ಹಿಂದೆ ಹೋಗುವ ಧೈರ್ಯವಿಲ್ಲ, ಅವಳಿಲ್ಲದೆ ಬದುಕುವುದು ಗೊತ್ತಿಲ್ಲ. ಅವಳನ್ನು ಮಣ್ಣು ಮಾಡಿದ ದಿನವೂ ನಾನು ಅಷ್ಟು ಅನಾಥನಾಗಿರಲಿಲ್ಲ.

ಕೆಳಗೆ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಓಡಿಬಂದಳು. "ಕೆಳಗ ನೋಡಬ್ಯಾಡ್ರೀ! ಮಾರಿ ಕಲ್ಲಿನ ಕಡೀಗೇ ಇರ್ಲಿ, ಹಂಗ ತೆವಳಕೊಂತ ಹಿಂದಕ್ಕ ಬರ್ರಿ!" ಎಂದು ಕೂಗುತ್ತಲೇ ಇದ್ದಳು. ಅಳುತ್ತಲೇ ತೆವಳಿದೆ. ಯಾರದೋ ಮನೆಯ ಕಲ್ಲುಗಳು ಕಾಲು ತಾಗಿ ಉರುಳಿದವು.

ಕೆಳಗಿಳಿದವನಿಗೆ ನೀರು ಕೊಟ್ಟು, ಮನಸೋ ಇಚ್ಛೆ ಬೈದಳು. ಆಮೇಲೆ ಕೇಳಿದಳು: "ಮನ್ಯಾಗ ಹೆಂಡ್ತಿ ಅದಾಳಿಲ್ರಿ?"

"ಅದಾಳ್ರಿ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

"ಮತ್ತ? ದಾರಿ ನೋಡ್ತಿರ್ತಾಳ. ಲಗೂನ ಹೋಗ್ರಿ."

ತಲೆಯಾಡಿಸಿ ಬೈಕು ಹತ್ತಿದೆ. ಹೊಸಹಳ್ಳಿ ದಾಟುವವರೆಗೂ ಜೋರಾಗಿಯೇ ಓಡಿಸಿದೆ. ಆಮೇಲೆ ನೆನಪಾಗಿ, ನಿಧಾನ ಮಾಡಿದೆ.