ಲೋಳೆಯ ಪ್ರೊಫೆಸರು

ವೈದ್ಯವಿಜ್ಞಾನ ಕಾಲೇಜಿನ ಎರಡನೇ ಮಹಡಿಯ ಮೂಲೆಯಲ್ಲಿ ಅವರ ಪ್ರಯೋಗಾಲಯ. ಕಾಲೇಜಿಗೆಲ್ಲ ಅವರು ‘ಕಫದ ಮೇಡಂ’. ಶ್ವಾಸಕೋಶದೊಳಗಿನ ಲೋಳೆ ಕೆಲವರಲ್ಲಿ ಏಕೆ ಗೋಂದಿನಂತೆ ಗಟ್ಟಿಯಾಗುತ್ತದೆ ಎಂದು ಕಂಡುಹಿಡಿಯುವುದೇ ಅವರ ಜೀವಮಾನದ ಕೆಲಸ. ರೋಗಿಗಳು ಕೆಮ್ಮಿ ಉಗುಳಿದ ಡಬ್ಬಿಗಳನ್ನು ಬೆಳಕಿಗೆ ಹಿಡಿದು, ಹಳದಿಯೋ ಹಸಿರೋ ನೋಡಿ, ಆಮೇಲೆ ಕೈ ತೊಳೆದು ನೆಮ್ಮದಿಯಾಗಿ ಊಟಕ್ಕೆ ಕೂರುತ್ತಿದ್ದರು. ಹೊಸ ವಿದ್ಯಾರ್ಥಿಗಳು ಮುಖ ಸಿಂಡರಿಸಿದರೆ, ಇದಿಲ್ಲದಿದ್ದರೆ ಬೀದಿಯ ಧೂಳೆಲ್ಲ ನಿಮ್ಮ ಎದೆಯೊಳಗೆ ಮನೆ ಮಾಡುತ್ತಿತ್ತು ಎಂದು ಗದರುವರು.

ಮನೆಯಲ್ಲೂ ಅದೇ ಹುಚ್ಚು. ಹಿತ್ತಿಲಿನ ಗಾಜಿನ ತೊಟ್ಟಿಗಳಲ್ಲಿ ಬಸವನಹುಳುಗಳನ್ನು ಸಾಕಿದ್ದರು. ರಜೆ ಬಂತೆಂದರೆ, ಅವು ಗಾಜಿನ ಮೇಲೆ ಎಳೆಯುವ ಹೊಳೆಯುವ ಗೆರೆಗಳನ್ನು ನೋಡುತ್ತ ಕೂತುಬಿಡುವರು. ಗಂಡ, ಈ ಜನ್ಮದಲ್ಲಿ ನನಗೆ ಲೋಳೆಯಿಂದ ಬಿಡುಗಡೆಯಿಲ್ಲ ಎಂದು ಗೊಣಗುತ್ತಲೇ ಹುಳುಗಳಿಗೆ ಸೌತೆಕಾಯಿ ಹೆಚ್ಚಿಕೊಡುತ್ತಿದ್ದರು.

ಮೇಡಂ ಕೈಯಲ್ಲೇ ಪಳಗಿದ ಶಿಷ್ಯನೊಬ್ಬ ವಿಭಾಗದ ಮುಖ್ಯಸ್ಥನಾದ. ಬಸವನಹುಳುವಿನ ಲೋಳೆಯಿಂದ ಮುಖಕ್ಕೆ ಹಚ್ಚುವ ಕ್ರೀಮು ಮಾಡೋಣ ಎಂದು ಬಂದ. ಮೇಡಂ ಖುಷಿಯಿಂದಲೇ ಹುಳುಗಳನ್ನು ಕೊಟ್ಟರು, ಪರೀಕ್ಷೆ ಹೇಗೆ ಮಾಡಬೇಕೆಂದೂ ತಿಳಿಸಿದರು. ಹಚ್ಚಿಕೊಂಡವರಲ್ಲಿ ಹಲವರಿಗೆ ಕೆನ್ನೆ ಕೆಂಪಾಗಿ ಗುಳ್ಳೆ ಎದ್ದವು. ಪ್ರಬಂಧದ ಕರಡಿನಲ್ಲಿ ಮಾತ್ರ ಆ ಗುಳ್ಳೆಗಳ ಸುದ್ದಿಯೇ ಇರಲಿಲ್ಲ. ಮೇಡಂ ಕೇಳಿದ್ದಕ್ಕೆ ಅವನು ನಕ್ಕ.

“ಗುಳ್ಳೆ ಎದ್ದವರು ಪರೀಕ್ಷೆ ಮಧ್ಯದಲ್ಲೇ ಬಿಟ್ಟುಹೋದ್ರು ಅಂತ ತೋರಿಸಿದ್ದೀನಿ, ಮೇಡಂ. ಗಲೀಜನ್ನ ಸೋಸಿ ತೆಗೀಬೇಕು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?”

ಮೇಡಂ ಕರಡನ್ನು ಅವನತ್ತ ತಳ್ಳಿದರು. ತಮ್ಮದೇ ಮಾತು ಅವನ ಬಾಯಿಂದ ಎಂಜಲಾಗಿ ಬಂದಿತ್ತು. ನನ್ನ ಹೆಸರು ತೆಗೆದುಹಾಕು ಎಂದು ಎದ್ದುಬಂದು, ಆಡಳಿತ ಮಂಡಳಿಗೆ ದೂರು ಕೊಟ್ಟರು. ಶಿಷ್ಯನ ಏಳಿಗೆ ಕಂಡು ಹೊಟ್ಟೆಕಿಚ್ಚು ಎಂಬ ಪಿಸುಮಾತು ಹರಡಿತೇ ಹೊರತು ಬೇರೇನೂ ಆಗಲಿಲ್ಲ. ಪ್ರಬಂಧ ಪ್ರಕಟವಾಯಿತು, ಕೊನೆಯಲ್ಲಿ ಗುರುಗಳ ಆಶೀರ್ವಾದಕ್ಕೆ ಕೃತಜ್ಞತೆ ಬೇರೆ. ಅದನ್ನು ಓದಿದ ಮೇಡಂ ಎದ್ದುಹೋಗಿ ಬಾಯಿ ಮುಕ್ಕಳಿಸಿ ಬಂದರು.

ಕ್ರೀಮು ಅಂಗಡಿಗೆ ಬಂದ ಕೆಲವೇ ವಾರಕ್ಕೆ ಗಂಡನ ತಂಗಿ ಮುಖ ಮುಚ್ಚಿಕೊಂಡು ಮನೆಗೆ ಬಂದಳು. ಕೆನ್ನೆ ಊದಿ ಕೀವು ಒಸರುತ್ತಿತ್ತು.

“ನಿಮ್ಮ ಕಾಲೇಜಿನದು ಅಂತ ನಂಬಿ ಹಚ್ಕೊಂಡೆ, ಅತ್ತಿಗೆ.”

ಮೇಡಂ ಅವಳನ್ನು ಚರ್ಮದ ಡಾಕ್ಟರಿಗೆ ತೋರಿಸಿ, ಅಲ್ಲಿಂದ ನೇರ ಮುಖ್ಯಸ್ಥನ ಕೋಣೆಗೆ ಕರೆದೊಯ್ದು ಎದುರಿಗೇ ಕೂರಿಸಿದರು. ಅವನು ಕುರ್ಚಿ ಹಿಂದಕ್ಕೆಳೆದುಕೊಂಡು ಕಿಟಕಿಯತ್ತ ತಿರುಗಿದ.

“ಈ ಕಡೆ ನೋಡು,” ಎಂದರು ಮೇಡಂ. “ಬಿಟ್ಟುಹೋದ್ರು ಅಂತ ಬರೆದ್ಯಲ್ಲ, ಅವರ ಮುಖಾನೂ ಹೀಗೇ ಇತ್ತು.”

ಅವನು ನೋಡಲಿಲ್ಲ. ಯಾರಿಗೋ ಫೋನ್ ಮಾಡಿ ಚಹಾ ತರಿಸಿದ. ಮೇಡಂ ಆಗಲಿ ನಾದಿನಿಯಾಗಲಿ ಅದನ್ನು ಮುಟ್ಟಲಿಲ್ಲ.

ದೂರುಗಳು ಹೆಚ್ಚಾದ ಮೇಲೆ ಕ್ರೀಮು ಸದ್ದಿಲ್ಲದೆ ಅಂಗಡಿಗಳಿಂದ ಮಾಯವಾಯಿತು. ನಾದಿನಿಯ ಕೆನ್ನೆಯ ಮೇಲೆ ಕಲೆ ಉಳಿಯಿತು, ಶಿಷ್ಯ ಕುರ್ಚಿಯಲ್ಲಿ ಉಳಿದ. ಮೇಡಂ ಈಗಲೂ ಕಫದ ಡಬ್ಬಿಗಳ ನಡುವೆಯೇ ಇದ್ದಾರೆ. ಕಾರಿಡಾರಿನಲ್ಲಿ ಅವನು ಎದುರಾಗಿ ಕೈಮುಗಿದರೆ ಮಾತ್ರ, ಬಾಯಲ್ಲಿ ನೀರೂರಿ ವಾಕರಿಕೆ ಬರುತ್ತದೆ ಎನ್ನುತ್ತಾರೆ.