ಮುಳುಗಿದ ಓಣಿಯ ಮದುವೆ ಕಾರ್ಡು

“ಸರ್, ಮದುವಿ ನೀರಾಗ ಮಾಡ್ತೀರೇನ್ರಿ?”

ಇಳಕಲ್ಲಿನಿಂದ ಫೋನ್. ಮಾತಾಡುತ್ತಿದ್ದವರು ನಮ್ಮ ಓಣಿಗೆಲ್ಲ ಅಕ್ಕನಾದ ಶಮೀಮ್ ಆಪಾ ಅವರ ಬೀಗರು. ಮದುವೆ ಆಪಾ ಮಗಳದು. ಕಾರ್ಡಿನ ಕೆಳಗೆ ಸಂಪರ್ಕಕ್ಕೆಂದು ನನ್ನ ನಂಬರ್ ಹಾಕಿದ್ದರಿಂದ ಈ ಪ್ರಶ್ನೆ ನನ್ನ ಕಿವಿಗೆ ಬಿತ್ತು. ತಮಾಷೆ ಅಂದುಕೊಂಡು ನಕ್ಕೆ. ಆಮೇಲೆ ಕಾರ್ಡು ತೆಗೆದು ನೋಡಿದೆ. ನಗು ನಿಂತಿತು.

ಮೊದಲಿನಿಂದ ಹೇಳುತ್ತೇನೆ.

ಹಳೇ ಬಾಗಲಕೋಟೆಯ ಹುಣಸಿಮರದ ಓಣಿಯಲ್ಲಿ ನಮ್ಮ ಮನೆಯ ಎದುರಿಗೇ ಆಪಾ ಅವರ ಡಿಟಿಪಿ ಅಂಗಡಿ ಇತ್ತು. ಓಣಿಯಲ್ಲಿ ಯಾರದೇ ಮದುವೆ ಇರಲಿ, ಕಾರ್ಡು ಆಪಾ ಕೈಯಿಂದಲೇ ಆಗಬೇಕು. ನಮ್ಮ ಅಕ್ಕನದೂ ಅಲ್ಲೇ ಆದದ್ದು. (ಗಣಪತಿ ಚಿತ್ರ ಎಲ್ಲಿ ಕೂಡಬೇಕು ಎಂದು ನಮ್ಮಪ್ಪನಿಗೇ ತಿದ್ದಿ ಹೇಳಿದ್ದರು.) ಅಣೆಕಟ್ಟಿನ ಹಿನ್ನೀರು ಬಂತು, ಓಣಿ ಹೋಯಿತು, ನಾವೆಲ್ಲ ನವನಗರದ ಸೆಕ್ಟರುಗಳಿಗೆ ಹಂಚಿಹೋದೆವು. ಆಪಾ ಜೊತೆಗೆ ಅವರ ಕಂಪ್ಯೂಟರೂ ಬಂತು. ಈಚೆಗೆ ಅದೂ ಕಣ್ಣು ಮುಚ್ಚಿತು, ಸರಿಯಾಗಿ ಮಗಳ ಮದುವೆ ಗೊತ್ತಾದ ಹೊತ್ತಿಗೇ.

“ತಮ್ಮಾ, ಓಣಿ ಮಂದಿದೆಲ್ಲಾ ಮಾಡೇನಿ. ನನ್ನ ಮಗಳ್ದು ಬ್ಯಾರೆಯವರು ಮಾಡಬೇಕೇನು?” ಎಂದರು ಆಪಾ.

ಹೊಸ ಕಂಪ್ಯೂಟರ್ ಕೊಳ್ಳಬಹುದಲ್ಲ? ಕೊಳ್ಳಬಹುದು. ಆದರೆ ಆಪಾ ಬೆರಳಿಗೆ ಗೊತ್ತಿರುವುದು ಆ ಹಳೇ ಸಾಫ್ಟ್‌ವೇರ್ ಮಾತ್ರ. ಹೊಸ ವಿಂಡೋಸ್ ಅದನ್ನು ಹೊಸಿಲು ದಾಟಲು ಬಿಡುವುದಿಲ್ಲ. ಉಳಿದದ್ದು ಒಂದೇ ದಾರಿ, ವರ್ಚುವಲ್ ಮಷೀನ್. ಅಂದರೆ ನನ್ನ ಕಂಪ್ಯೂಟರಿನೊಳಗೆ ಆಪಾ ಕಂಪ್ಯೂಟರನ್ನು ಬಾಡಿಗೆಗೆ ಇಟ್ಟುಕೊಳ್ಳುವುದು. ಪುಣ್ಯಕ್ಕೆ ಅವರ ಹಾರ್ಡ್ ಡಿಸ್ಕ್ ಇನ್ನೂ ಜೀವ ಹಿಡಿದಿತ್ತು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ನನ್ನ ಡೆಸ್ಕ್‌ಟಾಪಿನಲ್ಲಿ ಪಾಠಕ್ಕೆಂದು ಆಗಲೇ ಇಬ್ಬರು ಲಿನಕ್ಸ್ ಬಾಡಿಗೆದಾರರಿದ್ದರು. ಪರೀಕ್ಷೆಯ ಕಾಲ, ಅವರನ್ನು ಹೊರಹಾಕುವಂತಿಲ್ಲ. ಆಪಾ ಮಷೀನ್ ಒಳಗೆ ಕಾಲಿಟ್ಟದ್ದೇ ತಡ, ಎಲ್ಲವೂ ಸ್ತಬ್ಧ. ಮೌಸ್ ಕೂಡ ಅಲುಗಾಡಲಿಲ್ಲ. ನನ್ನ ಹೆಂಡತಿ ಬಗ್ಗಿ ನೋಡಿ, “ಒಂದ ಖೋಲ್ಯಾಗ ಮೂರು ಸಂಸಾರ ಇಟ್ರ ಮತ್ತೇನಾಗತೈತ್ರಿ?” ಎಂದಳು. ಖರೆ ಮಾತು.

ರ‍್ಯಾಮ್ ಎಂಟರಿಂದ ಮೂವತ್ತೆರಡು ಜಿಬಿಗೆ ಏರಿತು. ಹಾರ್ಡ್ ಡಿಸ್ಕ್ ಹೋಗಿ ಎಸ್‌ಎಸ್‌ಡಿ ಬಂತು. ಎಲ್ಲರಿಗೂ ಪಾಲು ಹಂಚಿದೆ. ಆಪಾ ಮಷೀನಿಗೆ ಬೇಕಾದದ್ದು ಚಿಟಿಕೆಯಷ್ಟು. (ಹಳೇ ಕಾಲದವರು, ಸ್ವಲ್ಪದರಲ್ಲೇ ಸಂಸಾರ ತೂಗಿಸುತ್ತಾರೆ.)

ಪರದೆಯ ಮೇಲೆ ಆ ಹಳೇ ಡೆಸ್ಕ್‌ಟಾಪ್ ಮೂಡಿದಾಗ ಆಪಾ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. “ಅಂಗಡಿ ಕದಾ ತಗದಂಗ ಆತು ನೋಡು,” ಎಂದರು. ನನಗೂ ಓಣಿ ನೆನಪಾಯಿತು. ಹುಣಸೆ ನೆರಳು, ಪ್ರಿಂಟರಿನ ಕರಕರ, ಕರೆಂಟ್ ಹೋದರೆ ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದ ಆಪಾ ಅಂಗಡಿಯ ಯುಪಿಎಸ್! ಎಲ್ಲ ಎಲ್ಲಿ ಹೋದವು?

ಹಳೇ ಕಾರ್ಡೊಂದನ್ನು ತೆರೆದು ಹೆಸರು, ದಿನಾಂಕ ಬದಲಿಸುವುದು ಆಪಾ ಪದ್ಧತಿ. ಹಾಗೇ ಮಾಡಿದರು. ಓದಿ ನೋಡಿದರು. ನಾನೂ ಓದಿದೆ. ಪ್ರೆಸ್ಸಿನ ಗುರಪ್ಪ ಕಾಕಾ (ಅವರೂ ನಮ್ಮ ಓಣಿಯವರೇ) ಓದಿ, “ಬರೋಬ್ಬರಿ ಐತಿ” ಎಂದು ಅಚ್ಚಿಗೆ ಹಾಕಿದರು.

ಕೊನೆಯ ಸಾಲು ಹೀಗಿತ್ತು: ‘ಸ್ಥಳ: ನಮ್ಮ ಸ್ವಗೃಹ, ಹುಣಸಿಮರದ ಓಣಿ, ಬಾಗಲಕೋಟೆ.’

ಹಿನ್ನೀರಿನ ತಳದಲ್ಲಿರುವ ಓಣಿ! ಹಳೇ ಕಾರ್ಡಿನ ವಿಳಾಸ ಹಾಗೇ ಉಳಿದಿತ್ತು, ನಮ್ಮಲ್ಲಿ ಒಬ್ಬರಿಗೂ ಅದು ತಪ್ಪೆಂದು ಕಾಣಲೇ ಇಲ್ಲ. ಕಾಣುವುದಾದರೂ ಹೇಗೆ? ನವನಗರದಲ್ಲಿ ಗುರುತಿಲ್ಲದವರು ಸಿಕ್ಕರೂ ನಾವು ಸೆಕ್ಟರ್ ಕೇಳುವುದಿಲ್ಲ. “ಊರಾಗ ಯಾವ ಓಣಿಯವ್ರಿ?” ಎಂದೇ ಕೇಳುತ್ತೇವೆ.

ಆಪಾ ಕುಸಿದು ಕೂತರು. “ಮಂದಿ ಕಾರ್ಡಿನ್ಯಾಗ ಒಂದು ಅಕ್ಷರ ತಪ್ಪಿದಾಕಿ ಅಲ್ಲ ನಾ. ಮಗಳ ಕಾರ್ಡಿನ್ಯಾಗ ಮನಿನ ತಪ್ಪಿಸಿದ್ನಲ್ಲೋ ತಮ್ಮಾ. ಬೀಗರ ಮುಂದ ಹೆಂಗ ನಿಲ್ಲಲಿ?”

ಸೆಕ್ಟರ್ ನಂಬರಿನ ಸ್ಟಿಕರ್ ಮಾಡಿಸಿ ಇಳಕಲ್ಲಿಗೆ ಕಳಿಸಿದೆವು. ನವನಗರದಲ್ಲಿ ಕಾರ್ಡು ಆಗಲೇ ಹಂಚಿದ್ದರಿಂದ ನಾನೇ ಸ್ಟಿಕರ್ ಹಿಡಿದು ಮನೆಮನೆಗೆ ಹೊರಟೆ. ಮೊದಲ ಮನೆ ಗುರಪ್ಪ ಕಾಕಾನದು. ಕಾರ್ಡು ಕೈಗೇ ಕೊಡಲಿಲ್ಲ.

“ಹಚ್ಚಬ್ಯಾಡಲೇ. ಆ ಓಣಿ ಹೆಸರು ಅಚ್ಚಿನ್ಯಾಗ ನೋಡಿ ಎಷ್ಟ್ ವರ್ಷ ಆತು! ಇರ್ಲಿ ಬಿಡು.”

ಮುಂದಿನ ಮನೆಯಲ್ಲೂ ಅದೇ ಮಾತು. ಒಬ್ಬ ಅಜ್ಜಿಯಂತೂ ಕಾರ್ಡನ್ನು ದೇವರ ಜಗಲಿಯ ಮೇಲಿಟ್ಟಿದ್ದಳು. ನಾನು ಸ್ಟಿಕರ್ ಜೇಬಿಗೆ ಹಾಕಿಕೊಂಡು ವಾಪಸ್ ಬಂದೆ.

ಹೋದ ಭಾನುವಾರ ಮದುವೆ. ಆಪಾ ಮನೆ ಮುಂದಿನ ಪೆಂಡಾಲಿನಲ್ಲಿ ಹುಣಸಿಮರದ ಓಣಿಗೆ ಓಣಿಯೇ ಬಂದು ಕೂತಿತ್ತು. ಆಪಾ ಕಣ್ಣು ಮಾತ್ರ ರಸ್ತೆಯ ಮೇಲೆ. ಬೀಗರ ಬಸ್ಸು ಬಂದಿರಲಿಲ್ಲ. ಸ್ಟಿಕರಿನ ಸೆಕ್ಟರ್ ನಂಬರ್ ಹಿಡಿದು, ಒಂದೇ ಥರದ ರಸ್ತೆಗಳಲ್ಲಿ ಗಿರಕಿ ಹೊಡೆಯುತ್ತಿದ್ದರಂತೆ. (ನನಗೆ ಫೋನೂ ಮಾಡಿದ್ದರಂತೆ, ಪೆಂಡಾಲಿನ ಗದ್ದಲದಲ್ಲಿ ಕೇಳಿಸಿರಲಿಲ್ಲ.) ಕೊನೆಗೆ ಯಾರೋ ಜಾಣರು ಸ್ಟಿಕರ್ ಕಿತ್ತು, ಚಹಾದಂಗಡಿಯಲ್ಲಿ “ಹುಣಸಿಮರದ ಓಣಿ ಶಮೀಮ್ ಆಪಾ ಮನಿ ಎಲ್ರೀ?” ಎಂದು ಕೇಳಿದ್ದಾರೆ. ಬಸ್ಸು ಸೀದಾ ಪೆಂಡಾಲಿನ ಮುಂದೆ ಬಂದು ನಿಂತಿತು.

ಈಗ ನೀವೇ ಹೇಳಿ, ತಪ್ಪು ವಿಳಾಸ ಯಾವುದು?